ಜಿನೋವಾದ ಬಿಳಿ ಅಂಗಿ

"ಇದು ಎಂತದು, ಅಂಕಲ್?"

ರಸೀನಾ ಊಟದ ಮೇಜಿನ ಮೇಲೆ ಇಟ್ಟದ್ದು ಒಂದು ಪ್ಲಾಸ್ಟಿಕ್ ಕ್ಲಿಪ್. ಪಾರದರ್ಶಕ, ಬೆರಳ ತುದಿಯಷ್ಟು. ಅಂಗಡಿಯಲ್ಲಿ ಹೊಸ ಅಂಗಿ ಕೊಂಡರೆ ಮಡಿಕೆ ಬಿಚ್ಚದಂತೆ ತೋಳಿಗೆ ಸಿಕ್ಕಿಸಿರುತ್ತಾರಲ್ಲ, ಅಂಥದು.

ಹರ್ಬರ್ಟ್ ಸಿಕ್ವೇರಾ ಕನ್ನಡಕ ಹಣೆಗೇರಿಸಿ ಅದನ್ನು ನೋಡಿದರು. ಎಪ್ಪತ್ತು ದಾಟಿದ ಮನುಷ್ಯ. ಹಡಗಿನ ಎಂಜಿನ್ ಕೋಣೆಯಲ್ಲಿ ಅರ್ಧ ಆಯುಷ್ಯ ಕಳೆದು ಕಿವಿ ಮಂದವಾಗಿತ್ತು. ಬೇಡದ ಪ್ರಶ್ನೆ ಬಂದರೆ ಇನ್ನಷ್ಟು ಮಂದವಾಗುತ್ತಿತ್ತು.

"ಕ್ಲಿಪ್ಪು."

"ಕ್ಲಿಪ್ಪು ಅಂತ ನನಗೂ ಗೊತ್ತುಂಟು. ಎಲ್ಲಿ ಸಿಕ್ಕಿತು ಗೊತ್ತುಂಟಾ? ನಿಮ್ಮ ಪೆಟ್ಟಿಗೆಯಲ್ಲಿ. ಟಿಶ್ಯೂ ಪೇಪರಿನ ಒಳಗೆ."

"ಅಬುಧಾಬಿಯಲ್ಲಿ ಯಾರೋ ಬೀಳಿಸಿರಬೇಕು. ಚಾ ಕುಡೀತೀಯಾ, ಬಾಯೆ?"

"ಬೇಡ."

"ಶುಂಠಿ ಹಾಕಿ ಮಾಡ್ತೇನೆ."

"ಅಂಕಲ್, ಕೂತ್ಕೊಳ್ಳಿ."

ಹರ್ಬರ್ಟ್ ಕೂತರು. ಇನ್ಶೂರೆನ್ಸ್ ಕಂಪೆನಿಯ ಪರವಾಗಿ ನಷ್ಟದ ತನಿಖೆ ಮಾಡುವುದು ರಸೀನಾಳ ಕೆಲಸ. ಬೆಂಕಿ ಬಿದ್ದ ಗೋದಾಮು, ನೀರು ನುಗ್ಗಿದ ಅಂಗಡಿ, ಮಾಯವಾದ ಕಂಟೇನರ್, ಎಲ್ಲ ನೋಡಿದ್ದಳು. ಸುಳ್ಳು ಹೇಳುವವರು ಮೊದಲು ಚಹಾ ಕೊಡುತ್ತಾರೆ ಎಂಬುದು ಅವಳ ಅನುಭವ. ಆದರೆ ಹರ್ಬರ್ಟ್ ಸತ್ಯ ಹೇಳುವಾಗಲೂ ಚಹಾ ಕೊಡುವ ಮನುಷ್ಯ. ಅದೇ ತೊಂದರೆ.

ವಿಷಯ ಇಷ್ಟೇ: ಇಟಲಿಯ ಜಿನೋವಾ ಫುಟ್‌ಬಾಲ್ ಕ್ಲಬ್ಬಿನ ಮೊದಲ ದಿನಗಳ ಬಿಳಿ ಅಂಗಿಯೊಂದು ದುಬೈಯ ಊದ್ ಮೇಥಾದ ಈ ಫ್ಲ್ಯಾಟಿನಿಂದ ಅಬುಧಾಬಿಯ ಪ್ರದರ್ಶನಕ್ಕೆ ಹೊರಟಿತ್ತು; ಅಲ್ಲಿ ಪೆಟ್ಟಿಗೆ ತೆರೆದಾಗ ಒಳಗೆ ಟಿಶ್ಯೂ ಪೇಪರ್ ಮಾತ್ರ ಇತ್ತು.

ಪೆಟ್ಟಿಗೆಯನ್ನು ಒಯ್ದವರು ಕೊರಗಪ್ಪ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಪ್ಯಾಕಿಂಗ್ ಕಂಪೆನಿಯಲ್ಲಿ ಪಿಕಪ್ ಡ್ರೈವರ್. ಇದೇ ಫ್ಲ್ಯಾಟಿನ ಇನ್ನೊಂದು ಕೋಣೆಯಲ್ಲಿ ಅವರ ಸಂಸಾರ ಇತ್ತು. ಈಗ ಅಬುಧಾಬಿಯಲ್ಲಿ ಪ್ರದರ್ಶನದ ಸಂಘಟಕ ಶ್ರೀನಿವಾಸಮೂರ್ತಿಯ ಆಫೀಸಿನಲ್ಲಿ ಅವರನ್ನು ಕೂರಿಸಿದ್ದರು. ಪಾಸ್‌ಪೋರ್ಟ್ ಕಿತ್ತುಕೊಂಡಿದ್ದರು. ಸಂಜೆ ಮಗ್ರಿಬ್ ಬಾಂಗಿನ ಹೊತ್ತಿಗೆ ರಸೀನಾ ವರದಿ ಕೊಡಬೇಕು. ಕಳ್ಳತನ ಎಂದು ಬರೆದರೆ ಪೊಲೀಸ್ ಕೇಸು. ಕೇಸಾದರೆ ಕೊರಗಪ್ಪ ಜೈಲಿಗೆ, ಜೈಲಿನಿಂದ ನೇರ ವಿಮಾನಕ್ಕೆ.

ಪೆಟ್ಟಿಗೆಯ ಟೇಪನ್ನು ದಾರಿಯಲ್ಲಿ ಯಾರೋ ಬಿಡಿಸಿ ಮತ್ತೆ ಅಂಟಿಸಿದ ಗುರುತಿತ್ತು. ಅದು ಕೊರಗಪ್ಪನವರಿಗೆ ಒಳ್ಳೆಯ ಸುದ್ದಿಯಲ್ಲ. ಬೆಳಿಗ್ಗೆ ರಸೀನಾ ಎಷ್ಟು ಕೇಳಿದರೂ ಅವರು ಬಾಯಿ ಬಿಟ್ಟಿರಲಿಲ್ಲ. ಅವಳು ಹೊರಡುವಾಗ ಒಂದೇ ಮಾತು ಹೇಳಿದ್ದರು. "ಮಗು ಹಾಲು ಕುಡೀತದಾ ಅಂತ ಕೇಳಿ."

ಅವಳು ಇನ್ನೂ ವಿಚಾರಿಸುತ್ತ ಇರುವುದು ಮೂರ್ತಿಗೆ ಇಷ್ಟವಾಗಿರಲಿಲ್ಲ. "ನೋಡಿ ಮೇಡಂ, ಪಿಕಪ್‌ಗೆ ಬಾಕ್ಸ್ ಹತ್ತಿಸ್ಬೇಕಾದ್ರೆ ನಾನೇ ಅಲ್ಲಿ ನಿಂತು ಹೇಳಿದ್ದೆ. ಜೋಪಾನ ಕಣಯ್ಯಾ, ಹಳೇ ಬಟ್ಟೆ ಪರೀಕ್ಷೆ ಮಾಡೋ ಎಕ್ಸ್‌ಪರ್ಟು ಹೊರದೇಶದಿಂದ ಬರ್ತಿದ್ದಾರೆ, ದಾರ ದಾರ ನೋಡ್ತಾರೆ ಅಂತ. ಬೆಲೆ ಇದೆ ಅಂತ ಆಗ ಗೊತ್ತಾಗಿದೆ ಆಸಾಮಿಗೆ. ಎತ್ತಿದ್ದಾನೆ."

ಕೇಳಲಿಕ್ಕೆ ಸರಿಯಾಗಿಯೇ ಇತ್ತು. ಕ್ಲಿಪ್ ಒಂದು ಬಿಟ್ಟು. ನೂರು ವರ್ಷ ಮೀರಿದ ಅಂಗಿಗೆ ಪ್ಲಾಸ್ಟಿಕ್ ಕ್ಲಿಪ್ ಇರುವುದಿಲ್ಲ.

"ಅಂಗಿಯ ಕತೆ ಇನ್ನೊಮ್ಮೆ ಹೇಳಿ," ಎಂದಳು ರಸೀನಾ.

"ಮೊನ್ನೆ ಹೇಳಿದ್ದೇನಲ್ಲ."

"ಇನ್ನೊಮ್ಮೆ."

ಹರ್ಬರ್ಟ್ ಮುಖ ಅರಳಿತು. ತನಿಖೆಯಾಗಲಿ, ಪ್ರಳಯವಾಗಲಿ, ಈ ಕತೆ ಹೇಳು ಎಂದರೆ ಅವರಿಗೆ ಸಾಕು.

"ಮೊದಲಿಗೆ ಅದು ಕ್ರಿಕೆಟಿಗೆ ಅಂತ ಮಾಡಿದ ಕ್ಲಬ್ಬು. ಸಾವಿರದ ಎಂಟುನೂರ ತೊಂಬತ್ತಮೂರರಲ್ಲಿ. ಜಿನೋವಾ ದೊಡ್ಡ ಬಂದರು. ಹಡಗು, ಕಲ್ಲಿದ್ದಲು ಅಂತ ಬಂದ ಇಂಗ್ಲಿಷರು ಅವರ ಕಾನ್ಸುಲೇಟಿನಲ್ಲೇ ಕೂತು ಮಾಡಿದ್ದು. ಊರು ಇಟಲಿಯದ್ದು, ಮೈದಾನ ಇಟಲಿಯದ್ದು. ಇಟಲಿಯವರಿಗೆ ಮಾತ್ರ ಸದಸ್ಯತ್ವ ಇಲ್ಲ."

"ನಮ್ಮ ದುಬೈ ಸಂಘಗಳ ಹಾಗೆ. ಬಂಟರಿಗೆ ಒಂದು, ಬಿಲ್ಲವರಿಗೆ ಒಂದು, ನಮಗೆ ಬ್ಯಾರಿಗಳಿಗೆ ಒಂದು, ನಿಮಗೆ ಊರಿನ ಚರ್ಚಿಗೊಂದು."

"ತಮಾಷೆ ಮಾಡ್ಬೇಡ. ಆಮೇಲೆ ಒಬ್ಬ ಡಾಕ್ಟರ್ ಬಂದ. ಸ್ಪೆನ್ಸ್‌ಲಿ ಅಂತ. ಹಡಗಿನವರಿಗೆ ಮದ್ದು ಕೊಡ್ಲಿಕ್ಕೆ ಬಂದವ. ಫುಟ್‌ಬಾಲ್ ಹುಚ್ಚು. ಈ ಊರಿನವರನ್ನೂ ಸೇರಿಸಿಕೊಳ್ಳುವ ಅಂತ ಹೇಳಿದ. ಸೇರಿಸಿದ್ರು. ಅದಕ್ಕೂ ಒಂದು ಮಿತಿ ಹಾಕಿದ್ರು ಬಿಡು, ಇಂಗ್ಲಿಷರಲ್ವಾ. ಮರುವರ್ಷ ದೇಶದ ಮೊದಲ ಚಾಂಪಿಯನ್‌ಶಿಪ್, ಟ್ಯುರಿನ್‌ನಲ್ಲಿ. ನಾಲ್ಕೇ ತಂಡ. ಮೂರು ಆ ಊರಿನದ್ದೇ. ಬೆಳಿಗ್ಗೆ ಶುರು ಮಾಡಿ ಅದೇ ದಿನ ಮುಗಿಸಿದ್ರು. ಗೆದ್ದದ್ದು ನಮ್ಮವರು."

"ನಮ್ಮವರು?"

"ಜಿನೋವಾದವರು, ಮಾರಾಯ್ತಿ."

ಗೋಡೆಯ ಮೇಲೆ ಮಾತೆ ಮರಿಯಳ ಚಿತ್ರದ ಪಕ್ಕದಲ್ಲಿ ಅರ್ಧ ಕೆಂಪು ಅರ್ಧ ನೀಲಿಯ ಪುಟ್ಟ ಬಾವುಟ ಇತ್ತು. ಹರ್ಬರ್ಟ್ ಅದಕ್ಕೆ ಕೈ ತೋರಿಸಿದರು.

"ಈಗ ಎಲ್ಲರಿಗೂ ಗೊತ್ತಿರುವ ಬಣ್ಣ ಅದು. ಆದರೆ ಅದು ಆಮೇಲೆ ಬಂದದ್ದು. ನಡುವೆ ಸ್ವಲ್ಪ ಕಾಲ ಬಿಳಿ ಮತ್ತು ನೀಲಿ ಪಟ್ಟೆ. ಎಲ್ಲಕ್ಕಿಂತ ಮೊದಲು ಬರೀ ಬಿಳಿ. ಆ ಬಿಳಿಯನ್ನು ಯಾರೂ ಕಾಪಾಡಲಿಲ್ಲ. ಬಿಳಿ ಅಂಗಿಯನ್ನು ಯಾರು ಕಾಪಾಡ್ತಾರೆ? ಹರಿದರೆ ನೆಲ ಒರೆಸ್ತಾರೆ."

"ನಿಮ್ಮದು ಹೇಗೆ ಉಳಿಯಿತು?"

"ಜೆಮ್ಮಾಳ ಮನೆಯಲ್ಲಿ." ಹರ್ಬರ್ಟ್ ದನಿ ತಗ್ಗಿತು. "ನಮ್ಮ ಹಡಗು ರಿಪೇರಿಗೆ ಅಂತ ಡ್ರೈಡಾಕ್ ಹತ್ತಿ ಬಿಟ್ಟಿತು. ನನಗೆ ಜ್ವರ. ಬಂದರಿನ ಓಣಿಯಲ್ಲಿ ವಿಧವೆಯೊಬ್ಬಳ ಮನೆಯಲ್ಲಿ ಬಾಡಿಗೆಗೆ ಹಾಕಿದ್ರು. ಅವಳ ಗಂಡನ ಅಜ್ಜಿ ಕ್ಲಬ್ಬಿನವರ ಬಟ್ಟೆ ಒಗೀತಿದ್ದದ್ದು. ಯಾರೋ ಆಟಗಾರ ಬಿಟ್ಟು ಹೋದ ಅಂಗಿ ಮನೆಯಲ್ಲೇ ಉಳೀತು. ನಾನು ಹೊರಡುವ ದಿನ ಜೆಮ್ಮಾ ನನ್ನ ಕೈಗೆ ಕೊಟ್ಟಳು."

"ಅಷ್ಟು ವರ್ಷ ಕಪಾಟಿನಲ್ಲಿ ಇಟ್ಟಿದ್ದಳು ಅಂತ ಮೊನ್ನೆ ಹೇಳಿದ್ರಿ."

"ಕಪಾಟಿನಲ್ಲಿ ಎಲ್ಲಿ ಇಡ್ತಾರೆ, ಆ ಮನೆಯಲ್ಲಿ ಅದನ್ನು..."

ಹರ್ಬರ್ಟ್ ನಿಲ್ಲಿಸಿದರು.

"ಅದನ್ನು?"

ಒಳಗಿನ ಕೋಣೆಯಲ್ಲಿ ಮಗು ಅತ್ತಿತು. ಹರ್ಬರ್ಟ್ ಮುಖದ ಮೇಲೆ ಬಂದ ನೆಮ್ಮದಿಯನ್ನು ರಸೀನಾ ನೋಡಿದಳು.

"ಪಾಪು ಅಳ್ತಾ ಉಂಟು," ಎಂದರು ಅವರು. ಕಿವಿ ಮಂದವಾದವರಿಗೆ ಅದು ಬೇಗ ಕೇಳಿಸಿತ್ತು.

*

ಕೊರಗಪ್ಪನವರ ಕೋಣೆಗೆ ಅಂಟಿಕೊಂಡ ಬಚ್ಚಲಿನಲ್ಲಿ ಅವರ ಹೆಂಡತಿ ಚಂದ್ರಮತಿ ಗಿಡ್ಡ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದರು. ಮೊಮ್ಮಗಳು ಅವರ ಕಾಲುಗಳ ಮೇಲೆ ಬೋರಲಾಗಿ ಮಲಗಿದ್ದಳು. ಮೈತುಂಬ ತೆಂಗಿನೆಣ್ಣೆ. ಚಂದ್ರಮತಿ ಬಿಸಿನೀರನ್ನು ಕೈಯಲ್ಲಿ ಪರೀಕ್ಷಿಸಿ ಮಗುವಿನ ಬೆನ್ನಿಗೆ ಹೊಯ್ದರು. ಅಳು ನಿಂತಿತು.

ಮಗಳ ಹೆರಿಗೆಗೆಂದು ಅವರು ಊರಿನಿಂದ ವಿಸಿಟ್ ವೀಸಾದಲ್ಲಿ ಬಂದಿದ್ದರು. ಮಗಳು ಸಮೀಕ್ಷಾ ಮಂಚದ ಮೇಲೆ ದಿಂಬಿಗೊರಗಿ ಕಷಾಯದ ಲೋಟ ಹಿಡಿದು ಮುಖ ಕಿವುಚುತ್ತಿದ್ದಳು.

"ಬಾ ಮಗಾ," ಎಂದರು ಚಂದ್ರಮತಿ. "ಅವರ ಸುದ್ದಿ ಎಂತ? ಊಟ ಕೊಡ್ತಾರಾ ಅಲ್ಲಿ?"

"ಕೊಡ್ತಾರೆ ಚಂದ್ರಕ್ಕ. ಮಗು ಹಾಲು ಕುಡೀತದಾ ಅಂತ ಕೇಳಿದ್ರು."

"ಇದಾ? ಇದು ಹಾಲು ಕುಡಿಯುದಲ್ಲ, ಬಾವಿ ಬತ್ತಿಸುದು." ಚಂದ್ರಮತಿ ನಕ್ಕರು. ನಗು ಅರ್ಧಕ್ಕೆ ನಿಂತಿತು. "ಮೊಮ್ಮಗಳ ಮುಖ ಅವರು ಸರಿ ನೋಡಲೇ ಇಲ್ಲ. ಎತ್ತಿಕೊಳ್ಳಿ ಅಂದ್ರೆ ಕೈ ಗ್ರೀಸ್ ಉಂಟು ಅಂತ ಹಿಂದೆ ಸರೀತಿದ್ರು. ಅವರು ಕದೀಲಿಕ್ಕಿಲ್ಲ ಮಗಾ. ಕದಿಯುವ ಬುದ್ಧಿ ಇದ್ದಿದ್ರೆ ಇಷ್ಟು ವರ್ಷ ದುಬೈಯಲ್ಲಿ ಡ್ರೈವರ್ ಆಗಿ ಇರ್ತಿದ್ರಾ?"

"ಅಮ್ಮಾ, ಪ್ಲೀಸ್," ಎಂದಳು ಸಮೀಕ್ಷಾ. "ದಟ್ ಈಸ್ ನಾಟ್ ಎ ಡಿಫೆನ್ಸ್."

"ನೀನು ಕಷಾಯ ಕುಡಿ."

ಚಂದ್ರಮತಿ ಮಗುವನ್ನು ಎತ್ತಿ ಒರೆಸಿ ಮಂಚಕ್ಕೆ ತಂದರು. ಅಲ್ಲಿ ಒಂದು ಬಿಳಿ ಬಟ್ಟೆ ಹಾಸಿತ್ತು. ಪಕ್ಕದಲ್ಲಿ ಯಾರೋ ಉಡುಗೊರೆ ಕೊಟ್ಟ ಹೊಸ ಫ್ರಾಕುಗಳ ರಾಶಿ, ಬೆಲೆಚೀಟಿ ಕೂಡ ಬಿಚ್ಚದೆ ಬಿದ್ದಿತ್ತು.

"ಇಷ್ಟು ಚೆಂದದ್ದು ಬಂದಿದೆ. ಒಂದೂ ಹಾಕಲಿಲ್ವಾ?"

"ಹೆಸರಿಡುವ ಮೊದಲು ಹೊಸ ಬಟ್ಟೆಯಾ? ನೀನು ಊರಿನ ಹುಡುಗಿ ಅಲ್ವಾ?"

ಹೌದು, ಊರಿನ ಹುಡುಗಿಯೇ. ಉಳ್ಳಾಲದ ಮನೆಯಲ್ಲಿ ರಸೀನಾಳ ಅಜ್ಜಿ ಆಚುಮ್ಮನೂ ಹೀಗೆಯೇ. ಹೊಸ ಬಟ್ಟೆ ಎಳೆ ಚರ್ಮಕ್ಕೆ ಚುಚ್ಚುತ್ತದೆ. ತುಂಬ ಕಾಲ ಬದುಕಿದವರು ಉಟ್ಟು, ನೂರು ಸಲ ಒಗೆದು ಮೆತ್ತಗಾದ ಬಟ್ಟೆ ಬೇಕು. ಹಿಂದೂಗಳ ಮನೆಯಾಗಲಿ, ಬ್ಯಾರಿಗಳ ಮನೆಯಾಗಲಿ, ಕರಾವಳಿಯಲ್ಲಿ ಹುಟ್ಟಿದವರೆಲ್ಲರ ಮೊದಲ ಉಡುಗೆ ಯಾರದೋ ಹಳೆಯ ಬಟ್ಟೆ.

"ಆದರೆ ಈ ಊರಿನಲ್ಲಿ ಹಳೆ ಬಟ್ಟೆ ಎಲ್ಲುಂಟು?" ಚಂದ್ರಮತಿಗೆ ಮಾತಿಗೆ ಜನ ಸಿಕ್ಕಿದ್ದರು. "ನಾನು ಹಳೆ ಮುಂಡುಗಳದ್ದೇ ಒಂದು ಗಂಟು ಕಟ್ಟಿದ್ದೆ. ಏರ್‌ಪೋರ್ಟಿನಲ್ಲಿ ಭಾರ ಜಾಸ್ತಿ ಆಯ್ತು ಅಂತ ಮಗ ಅದನ್ನೇ ತೆಗೆದು ವಾಪಸು ಕೊಂಡುಹೋದ. ಹಪ್ಪಳ ಇಟ್ಟ, ಗಂಟು ತೆಗೆದ. ಎಂತ ಬುದ್ಧಿ! ಇಲ್ಲಿ ಇವರ ಲುಂಗಿ ಮುಟ್ಟಿ ನೋಡಿದೆ, ಎಲ್ಲ ಪಾಲಿಸ್ಟರ್. ಬಿಲ್ಡಿಂಗಿನಲ್ಲಿ ಮೇಲೆ ಕೆಳಗೆ ಎಲ್ಲ ಕೇಳಿದೆ. ಮಲಯಾಳಿಗಳು, ಫಿಲಿಪಿನೋಗಳು, ಯಾರ ಹತ್ತಿರವೂ ಇಲ್ಲ. ಒಂದು ವರ್ಷ ಹಳತಾದರೆ ಬಿಸಾಡ್ತಾರಂತೆ."

ಮಾತಾಡುತ್ತಲೇ ಅವರು ಮಗುವನ್ನು ಬಟ್ಟೆಯ ನಡುವೆ ಇಟ್ಟು ಎರಡು ಬದಿಯಿಂದ ಮಡಚಿದರು. ಆಮೇಲೆ ಉದ್ದನೆಯ ಎರಡು ತುದಿಗಳನ್ನು ತಂದು ಮಗುವಿನ ಹೊಟ್ಟೆಯ ಮೇಲೆ ಗಂಟು ಹಾಕಿದರು.

ಆ ತುದಿಗಳು ತೋಳುಗಳು.

ರಸೀನಾ ಬಗ್ಗಿದಳು. ತೋಳಿನ ಕೊನೆಯಲ್ಲಿ ಗುಂಡಿಯ ಕಾಜ ಇತ್ತು. ಕೈಯಲ್ಲಿ ಹೊಲಿದ ಕಾಜ. ಎಡ ಹೆಗಲಿನ ಮೇಲೆ ರಫು ಹಾಕಿದ ಗುರುತು, ಉದ್ದಕ್ಕೆ, ಬಂಗುಡೆ ಮೀನಿನ ಆಕಾರದಲ್ಲಿ.

ಅವಳು ಫೋನ್ ತೆಗೆದು ಪ್ರದರ್ಶನಕ್ಕೆ ಮೊದಲು ತೆಗೆದಿದ್ದ ಫೋಟೊ ನೋಡಿದಳು. ಎಡ ಹೆಗಲು. ಅದೇ ಮೀನು.

ಗೆದ್ದ ಖುಷಿ ಆಗಬೇಕಿತ್ತು. ಮಗು ಆಕಳಿಸಿತು.

"ಚಂದ್ರಕ್ಕ, ಈ ಬಟ್ಟೆ ಎಲ್ಲಿ ಸಿಕ್ಕಿತು?"

"ಪೊರ್ಬುಗಳು ಕೊಟ್ಟದ್ದು." ಊರಿನಲ್ಲಿ ಕ್ರಿಶ್ಚಿಯನ್ ಹಿರಿಯರನ್ನು ಕರೆಯುವ ಹಾಗೆಯೇ ಅವರು ಹರ್ಬರ್ಟರನ್ನು ಇಲ್ಲಿಯೂ ಕರೆಯುತ್ತಿದ್ದರು. "ನಾನು ಬಟ್ಟೆ ಇಲ್ಲ ಅಂತ ಕೂಗಾಡುದು ಕೇಳಿ ಅವರೇ ತಂದು ಕೊಟ್ರು. ಮುಟ್ಟಿ ನೋಡು. ಬೆಣ್ಣೆ."

"ಅಬುಧಾಬಿಗೆ ಹೋದ ಅಂಗಿ?"

"ಅದು ಬೇರೆ. ಅದನ್ನು ಪೊರ್ಬುಗಳು ಪೆಟ್ಟಿಗೆಗೆ ಹಾಕುವಾಗ ನಾನೇ ನೋಡಿದ್ದೇನೆ. ಇದು ಯಾವುದೋ ಹಳತು." ರಸೀನಾಳ ಮುಖ ನೋಡಿ ಅವರ ಕೈ ನಿಂತಿತು. "ಎಂತ ಆಯ್ತು ಮಗಾ?"

*

ಹರ್ಬರ್ಟ್ ಮೇಜಿನ ಹತ್ತಿರವೇ ಕೂತಿದ್ದರು. ಎರಡು ಲೋಟ ಚಹಾ ಮಾಡಿ ಇಟ್ಟಿದ್ದರು. ಶುಂಠಿ ಹಾಕಿ.

ರಸೀನಾ ಎದುರು ಕೂತಳು. ಚಂದ್ರಮತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತರು.

"ಪೆಟ್ಟಿಗೆಯಲ್ಲಿ ಎಂತ ಇಟ್ಟಿರಿ, ಅಂಕಲ್?"

ಹರ್ಬರ್ಟ್ ಒಂದು ಲೋಟವನ್ನು ಅವಳತ್ತ ಸರಿಸಿದರು.

"ಅಸಲಿ ಅಂಗಿ ಮಗುವಿನ ಮೈಮೇಲೆ ಉಂಟು. ಹಾಗಾದರೆ ಚಂದ್ರಕ್ಕ ನೋಡಿದ್ದು ಯಾವುದು? ಈ ಕ್ಲಿಪ್ ಯಾವ ಅಂಗಿಯದ್ದು?"

ಹರ್ಬರ್ಟ್ ಕ್ಲಿಪ್ಪನ್ನು ಬೆರಳಿನಿಂದ ಸರಿಸಿದರು. ಆಮೇಲೆ ಹೇಳಿದರು, "ಕರಾಮಾದ್ದು."

"ಕರಾಮಾ ಮಾರ್ಕೆಟಿನ ಅಗ್ಗದ ಅಂಗಿ?"

"ಬಿಳಿ. ಕಾಟನ್. ಕಾಲರ್ ಬಿಚ್ಚಿ ಹೊಲಿದೆ. ಸುಲೈಮಾನಿಯಲ್ಲಿ ಅದ್ದಿ ಒಣಗಿಸಿದೆ."

"ಚಹಾದಲ್ಲಿ?"

"ಹಾಲು ಹಾಕಿದ್ರೆ ವಾಸನೆ ಬರ್ತದೆ."

ಬೇರೆ ದಿನವಾಗಿದ್ದರೆ ರಸೀನಾ ನಗುತ್ತಿದ್ದಳು. "ಹೆಗಲಿನ ರಫು?"

"ಅದನ್ನೂ ಹಾಕಿದೆ. ಹಡಗಿನವರಿಗೆ ಸೂಜಿ ದಾರ ಬರ್ತದೆ."

"ಅಯ್ಯೋ ದೇವರೇ," ಎಂದರು ಚಂದ್ರಮತಿ. "ಆ ದಿನ ಬಾಲ್ದಿಯಲ್ಲಿ ಕೆಂಪು ನೀರು ಇದ್ದದ್ದು ಅದುವಾ? ನೀವು ಹೊಟ್ಟೆ ಸರಿಯಿಲ್ಲ, ಚಾ ಚೆಲ್ಲಿದೆ ಅಂದಿರಿ!"

"ಯಾಕೆ ಕೊಟ್ಟಿರಿ ಅಂಕಲ್? ಪ್ರದರ್ಶನಕ್ಕೆ ಒಪ್ಪಿ ಸಹಿ ಹಾಕಿ, ಆಮೇಲೆ ಯಾಕೆ ಬಾಣಂತಿ ಕೋಣೆಗೆ ಕೊಟ್ಟಿರಿ?"

ಹರ್ಬರ್ಟ್ ಮಗುವಿನತ್ತ ನೋಡಿದರು. ಅವರ ಒಬ್ಬನೇ ಮಗ ರುವೈಸ್‌ನ ರಿಫೈನರಿಯಲ್ಲಿ ಎಂಜಿನಿಯರ್. ಮದುವೆ ಆಗಿರಲಿಲ್ಲ, ಆಗುವ ಲಕ್ಷಣವೂ ಇರಲಿಲ್ಲ. ಅಪ್ಪನಿಗೆ ವೀಸಾ ಕೊಟ್ಟು, ಚರ್ಚು ಹತ್ತಿರ ಬೇಕೆಂದಾಗ ಊದ್ ಮೇಥಾದಲ್ಲಿ ಕೋಣೆ ಕೊಡಿಸಿ, ಹಬ್ಬಕ್ಕೆ ಬಂದು ಹೋಗುತ್ತಿದ್ದ.

"ಜೆಮ್ಮಾ ಅದನ್ನು ಕಪಾಟಿನಲ್ಲಿ ಇಟ್ಟದ್ದಲ್ಲ," ಎಂದರು. "ಆ ಮನೆಯಲ್ಲಿ ಹುಟ್ಟಿದ ಮಕ್ಕಳನ್ನೆಲ್ಲ ಅದರಲ್ಲೇ ಸುತ್ತಿದ್ದು. ಅವಳ ಗಂಡನನ್ನು, ಗಂಡನ ತಂಗಿಯರನ್ನು, ಅವಳ ಮಕ್ಕಳನ್ನು. ನನಗೆ ಕೊಡುವಾಗ ಹೇಳಿದ್ದು ಅಷ್ಟೇ. ನಿನ್ನ ಮನೆಯಲ್ಲಿ ಮಗು ಹುಟ್ಟಿದರೆ ಇದರಲ್ಲಿ ಸುತ್ತು. ನನ್ನ ಮಗ ಹುಟ್ಟುವಾಗ ನಾನು ಹಡಗಿನಲ್ಲಿ. ಪೆಟ್ಟಿಗೆ ನನ್ನ ಜೊತೆ. ಅಲ್ಲಿ ಊರಿನಲ್ಲಿ ಯಾವುದೋ ಬಟ್ಟೆಯಲ್ಲಿ ಸುತ್ತಿದ್ರು."

ಅವರು ಚಹಾ ಲೋಟ ಎತ್ತಿ ಕುಡಿಯದೆ ಇಟ್ಟರು.

"ಈ ಅಕ್ಕ ಹಳೆ ಬಟ್ಟೆ ಅಂತ ಬಾಗಿಲು ಬಾಗಿಲು ಸುತ್ತುವಾಗ ನನಗೆ ತಡೀಲಿಲ್ಲ. ಮೂರ್ತಿಗೆ ಇಲ್ಲ ಅನ್ಲಿಕ್ಕೂ ಧೈರ್ಯ ಬರಲಿಲ್ಲ. ಕಾರ್ಡು ಅಚ್ಚು ಹಾಕಿಸಿದ್ದ. ನನ್ನ ಹೆಸರು ಇತ್ತು ಅದರಲ್ಲಿ."

"ಪೆಟ್ಟಿಗೆ ಖಾಲಿ ಅಂತ ಫೋನ್ ಬಂದಾಗ ಬಾಯಿ ಬಿಡಬಹುದಿತ್ತು."

"ಎಂತ ಹೇಳುದು? ಕಳೆದುಹೋದದ್ದು ನಕಲಿ ಅಂತಲಾ? ಇನ್ಶೂರೆನ್ಸ್ ಮಾಡಿಸಿ ನಕಲಿ ಕಳಿಸಿದೆ ಅಂತಲಾ? ಈ ವಯಸ್ಸಿನಲ್ಲಿ ನನ್ನನ್ನು ಒಳಗೆ ಹಾಕ್ತಾರೆ ಬಾಯೆ."

"ಹಾಗಂತ ಅವರನ್ನು ಹಾಕಬಹುದಾ?"

ಕೇಳಿದ್ದು ಚಂದ್ರಮತಿ. ದನಿ ಏರಿರಲಿಲ್ಲ. ಏರಿದ್ದರೆ ಹರ್ಬರ್ಟರಿಗೆ ಸುಲಭವಾಗುತ್ತಿತ್ತು.

"ನಾನು ಕೊರಗಪ್ಪನನ್ನು ಕಳ್ಳ ಅನ್ಲಿಲ್ಲ."

"ಅಲ್ಲ ಅಂತಲೂ ಹೇಳ್ಲಿಲ್ಲ. ಇಲ್ಲಿ ಶುಕ್ರವಾರವೇ ಪೂಜೆ ಅಲ್ವಾ, ಪ್ರತಿ ವಾರ ಅವರು ನಿಮ್ಮನ್ನು ಪಿಕಪ್ಪಿನಲ್ಲಿ ಚರ್ಚಿಗೆ ಬಿಟ್ಟು ಬರ್ತಾರೆ. ಇವತ್ತು ನೀವು ನಡ್ಕೊಂಡು ಹೋದ್ರಿ. ದಾರಿಯಲ್ಲಿ ನೆನಪಾಗ್ಲಿಲ್ವಾ ಪೊರ್ಬುಗಳೇ?"

ಹರ್ಬರ್ಟ್ ತಲೆ ತಗ್ಗಿಸಿದರು. ಕಿವಿ ಚೆನ್ನಾಗಿಯೇ ಕೇಳಿತ್ತು.

ರಸೀನಾ ಲೆಕ್ಕ ಹಾಕುತ್ತಿದ್ದಳು. ಪೆಟ್ಟಿಗೆ ಇಲ್ಲಿಂದ ಹೊರಟಾಗ ಖಾಲಿ ಇರಲಿಲ್ಲ. ಒಳಗೆ ಕರಾಮಾದ ಅಂಗಿ ಇತ್ತು. ದಾರಿಯಲ್ಲಿ ಯಾರೋ ತೆರೆದು ಅದನ್ನು ತೆಗೆದರು. ಬೆಲೆಬಾಳುವುದೆಂದು ಕದ್ದ ಕಳ್ಳ ಇರಬಹುದು. ಅಥವಾ ಅದಕ್ಕೆ ಬೆಲೆಯೇ ಇಲ್ಲ ಎಂದು ಗೊತ್ತಿದ್ದವರು.

"ಚಂದ್ರಕ್ಕ, ಈ ಬಟ್ಟೆಯನ್ನು ಅಂಕಲ್ ಕೊಡುವಾಗ ನಿಮ್ಮವರು ಇಲ್ಲಿದ್ರಾ?"

"ಇದ್ರು. ಕೈಯಲ್ಲಿ ಹಿಡಿದು ನೋಡಿದ್ರು. ಹೆಗಲಿನ ಹತ್ತಿರ ಹೀಗೆ ಸವರಿದ್ರು."

"ಮೊದಲು ಈ ಅಂಗಿಯನ್ನು ಅವರು ನೋಡಿದ್ದರಾ ಅಂಕಲ್?"

"ಎಷ್ಟು ಸಲ! ನನ್ನ ಕತೆ ಕೇಳುವವ ಈ ಮನೆಯಲ್ಲಿ ಅವನೊಬ್ಬನೇ ಅಲ್ವಾ."

"ಆ ಬಾಲ್ದಿಯ ಕೆಂಪು ನೀರನ್ನೂ ನೋಡಿದ್ರಾ?"

"ನೋಡಿ ನಕ್ಕಿದ್ರು," ಎಂದರು ಚಂದ್ರಮತಿ. "ಪೊರ್ಬುಗಳಿಗೆ ಮರುಳು ಅಂದ್ರು."

ಆಮೇಲೆ ಪಿಕಪ್ಪಿಗೆ ಪೆಟ್ಟಿಗೆ ಹತ್ತಿಸುವಾಗ ಮೂರ್ತಿ ಹೇಳಿದ್ದ: ಹೊರದೇಶದಿಂದ ಎಕ್ಸ್‌ಪರ್ಟ್ ಬರುತ್ತಾರೆ, ದಾರ ದಾರ ನೋಡುತ್ತಾರೆ.

ಕೊರಗಪ್ಪ ಬೆಲೆ ತಿಳಿದು ಕದ್ದಿರಲಿಲ್ಲ. ಎಲ್ಲರೆದುರು ಮುದುಕನ ಮಾನ ಹೋಗುತ್ತದೆ ಎಂದು ತಿಳಿದು ನಕಲಿಯನ್ನು ತೆಗೆದುಬಿಟ್ಟಿದ್ದರು. ಕಳೆದುಹೋದದ್ದನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ. ಪೆದ್ದ ಉಪಾಯ. ಅದರ ಬಿಲ್ಲು ತನ್ನ ಹೆಸರಿಗೇ ಬರುತ್ತದೆ ಎಂದು ಡ್ರೈವರಿಗೆ ಹೊಳೆಯಲಿಲ್ಲವೋ, ಹೊಳೆದೂ ಪರವಾಗಿಲ್ಲ ಅನ್ನಿಸಿತೋ.

ರಸೀನಾ ಇದನ್ನು ಜೋರಾಗಿಯೇ ಹೇಳಿದಳು. ಮೆದುಮಾಡಿ ಹೇಳುವುದು ಅವಳಿಗೆ ಬರುತ್ತಿರಲಿಲ್ಲ. ಹರ್ಬರ್ಟ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

"ನಾನು ಬರ್ತೇನೆ," ಎಂದರು ಕೈಗಳ ಹಿಂದಿನಿಂದ. "ಅಬುಧಾಬಿಗೆ. ಯಲ್ಲಾ, ಹೋಗುವ. ಎಲ್ಲ ಹೇಳ್ತೇನೆ. ಈ ಬಟ್ಟೆಯನ್ನೂ ತೋರಿಸುವ."

ಅಷ್ಟರಲ್ಲಿ ಮಗು ಚಂದ್ರಮತಿಯ ಹೆಗಲ ಮೇಲೆಯೇ ಬಟ್ಟೆ ಒದ್ದೆ ಮಾಡಿತು. "ಇದಕ್ಕೆ ಯಾವ ಕೇಸೂ ಇಲ್ಲ," ಎನ್ನುತ್ತ ಅವರು ಒಳಗೆ ಹೋಗಿ ಮಗುವನ್ನು ಸಮೀಕ್ಷಾಳ ಪಕ್ಕದಲ್ಲಿ ಮಲಗಿಸಿ ಒದ್ದೆ ಅಂಗಿಯನ್ನು ಕೈಯಲ್ಲಿ ಹಿಡಿದು ಬಂದರು.

ರಸೀನಾಳ ಫೋನ್ ಹೊಡೆದುಕೊಂಡಿತು. ಮೂರ್ತಿ. ಅವಳು ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು.

"ಮೇಡಂ, ಖಲಾಸ್! ಕೆಲಸ ಮುಗೀತು. ಒಪ್ಕೊಂಡ."

"ಯಾರು?"

"ಇನ್ಯಾರು, ನಿಮ್ಮ ಡ್ರೈವರ್ರು. ಬೆಳಿಗ್ಗೆಯಿಂದ ಗೂಬೆ ಥರ ಕೂತಿದ್ದ. ಆ ಹರ್ಬರ್ಟ್ ಅವರನ್ನೂ ಸ್ಟೇಷನ್‌ಗೆ ಕರೆಸ್ತೀವಿ ಅಂದೆ ನೋಡಿ, ತಕ್ಷಣ ಬಾಯಿಬಿಟ್ಟ. ಅವರನ್ನ ಕರೀಬೇಡಿ, ನಾನೇ ಕದ್ದಿದ್ದು ಅಂದ. ಪಿಕಪ್ ಸೀಟಿನ ಕೆಳಗಿಂದ ಅಂಗೀನೂ ತೆಗೆದುಕೊಟ್ಟ."

ಚಂದ್ರಮತಿ ಒಂದು ಹೆಜ್ಜೆ ಫೋನಿನ ಹತ್ತಿರ ಬಂದರು.

"ಅದನ್ನು ಯಾರಿಗೂ ಮುಟ್ಟಲಿಕ್ಕೆ ಬಿಡಬೇಡಿ," ಎಂದಳು ರಸೀನಾ. "ನಾನು ಬರ್ತಾ ಇದ್ದೇನೆ. ಆ ಅಂಗಿಯ ವಿಷಯದಲ್ಲಿ ಒಂದು..."

"ಮುಟ್ಟೋದೇನು ಮೇಡಂ, ಪರೀಕ್ಷೇನೇ ಆಗೋಯ್ತು. ಎಕ್ಸ್‌ಪರ್ಟ್ ಇಲ್ಲೇ ಇದ್ರಲ್ಲ. ಲೆನ್ಸ್ ಹಿಡಿದು ನೋಡಿ ಸರ್ಟಿಫಿಕೇಟಿಗೆ ಸಹಿ ಹಾಕಿದ್ರು. ನೂರಕ್ಕೆ ನೂರು ಅಸಲಿ."

ಹರ್ಬರ್ಟ್ ಮುಖದಿಂದ ಕೈ ತೆಗೆದು ಫೋನನ್ನೇ ನೋಡಿದರು.

"ಅಸಲಿ?" ಎಂದಳು ರಸೀನಾ.

"ಆ ಕಾಲದ ಹತ್ತಿ, ಆ ಕಾಲದ ಹೊಲಿಗೆ ಅಂತೆ. ಬಣ್ಣ ನೋಡಿದ್ರೇನೆ ಗೊತ್ತಾಗುತ್ತೆ ಅಂದ್ರು."

ತಜ್ಞ ಕಣ್ಣಿಲ್ಲದವನೋ, ಕಣ್ಣು ಮುಚ್ಚಿಕೊಂಡವನೋ. ಮುಚ್ಚಿಕೊಂಡವನಾದರೆ ಯಾರಿಗಾಗಿ? ರಸೀನಾಳ ಕಣ್ಣು ಚಂದ್ರಮತಿಯ ಕೈಯಲ್ಲಿದ್ದ ಒದ್ದೆ ಬಟ್ಟೆಯ ಮೇಲೆ ನಿಂತಿತು. ಕೊರಗಪ್ಪ ಕದ್ದದ್ದು ಏನೂ ಅಲ್ಲದ ಒಂದು ಅಂಗಿ ಎಂದು ತೋರಿಸಲು ಈಗ ಜಗತ್ತಿನಲ್ಲಿ ಉಳಿದಿರುವುದು ಅದೊಂದೇ.

"ಮಾಲು ಸಿಕ್ಕಿದೆ, ಕಳ್ಳ ಸಿಕ್ಕಿದ್ದಾನೆ ಅಂತ ವರದಿ ಬರೀರಿ," ಎಂದ ಮೂರ್ತಿ. "ಪೊಲೀಸ್ನೋರು ಕೆಳಗೆ ಬಂದಿದ್ದಾರೆ. ನಂಬಿಕೆ ಇಲ್ದಿದ್ರೆ ಅವನ ಬಾಯಲ್ಲೇ ಕೇಳಿ. ತಗೊಳಯ್ಯ, ಮಾತಾಡು."

ಉಸಿರಿನ ಸದ್ದು ಕೇಳಿತು.

"ಕೊರಗಪ್ಪಣ್ಣ, ನಾನು ರಸೀನಾ. ನನಗೆ ಎಲ್ಲ ಗೊತ್ತಾಗಿದೆ. ನೀವು ಯಾವುದಕ್ಕೂ ಸಹಿ ಹಾಕಬೇಡಿ."

"ಚಂದ್ರ ಇದ್ದಾಳಾ ಅಲ್ಲಿ?"

"ಇದ್ದೇನೆ," ಎಂದರು ಚಂದ್ರಮತಿ. "ಊಟ ಮಾಡಿದ್ರಾ?"

"ಮಾಡಿದೆ." ಕೊರಗಪ್ಪ ಅಲ್ಲಿಂದ ತುಳುವಿಗೆ ತಿರುಗಿದರು. ಪಕ್ಕದಲ್ಲಿ ನಿಂತ ಮೂರ್ತಿಗೆ ತುಳು ಬರುವುದಿಲ್ಲ. ಸಲೀಸಾಗಿ, ಬೆಳಿಗ್ಗೆ ಹಾಲು ತರಲು ಹೇಳುವ ಹಾಗೆ ಹೇಳಿದರು. "ಅವರು ಆ ಅಂಗಿಯನ್ನು ಅಸಲಿ ಅಂತ ಒಪ್ಪಿದ್ದಾರೆ. ಪೊರ್ಬುಗಳ ಮರ್ಯಾದೆ ಉಳಿಯಿತು. ಇನ್ನು ಆ ಇನ್ನೊಂದನ್ನು ಯಾರೂ ನೋಡಬಾರದು. ಮಗುವಿಗೆ ಬೇರೆ ಏನಾದರೂ ಸುತ್ತು. ಅದನ್ನು ಸುಟ್ಟುಬಿಡು."

"ಕೊರಗಪ್ಪ!" ಹರ್ಬರ್ಟ್ ಕುರ್ಚಿಯಿಂದ ಎದ್ದರು. "ಮರುಳು ಮಾತಾಡಬೇಡ! ನಾನು ಬರ್ತಾ..."

ಫೋನ್ ಕಟ್ ಆಗಿತ್ತು.

ರಸೀನಾ ಮತ್ತೆ ಹಚ್ಚಿದಳು. ಯಾರೂ ಎತ್ತಲಿಲ್ಲ. ಮತ್ತೊಮ್ಮೆ ಹಚ್ಚಿದಳು. ಸ್ವಿಚ್ ಆಫ್.

"ಚಂದ್ರಕ್ಕ, ಅದನ್ನು ನನ್ನ ಕೈಯಲ್ಲಿ..."

ತಲೆ ಎತ್ತಿದಾಗ ಬಾಗಿಲಲ್ಲಿ ಚಂದ್ರಮತಿ ಇರಲಿಲ್ಲ. ಮದುವೆಯಾದಂದಿನಿಂದ ಗಂಡ ಅವರಿಗೆ ಹೇಳಿದ ಕೆಲಸಗಳೇ ಕಡಿಮೆ. ಹೇಳಿದ ಒಂದನ್ನೂ ಅವರು ನಾಳೆಗೆ ಇಟ್ಟವರಲ್ಲ.

ಅಡುಗೆಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಬಿತ್ತು. ಹರ್ಬರ್ಟ್ ಹೋಗಿ ಅಂಗೈಯಿಂದ ಬಡಿದರು. "ಅಕ್ಕಾ! ಅದು ನಿಮ್ಮ ಗಂಡನ ಜೀವ. ಅಕ್ಕಾ, ಕೇಳ್ತದಾ?"

ಒಳಗೆ ಗ್ಯಾಸ್ ಲೈಟರ್ ಒತ್ತಿದ ಸದ್ದಾಯಿತು. ಹೊತ್ತಲಿಲ್ಲ.

ಇನ್ನೊಮ್ಮೆ ಒತ್ತಿದರು.